ಅಧ್ಯಕ್ಷರು ಬೆಟ್ಟ ಹತ್ತಿದ್ದು

ಯುಗಾದಿ ಕಳೆದ ಮೊದಲ ಭಾನುವಾರ ಶಿವಗಂಗೆ ಬೆಟ್ಟ ಹತ್ತಬೇಕು ಅಂತ ತೀರ್ಮಾನಿಸಿದ್ದು ನಮ್ಮ ಅಪಾರ್ಟ್‌ಮೆಂಟ್ ಕಮಿಟಿ. ಕಮಿಟಿ ತೀರ್ಮಾನ ಅಂದ ಮೇಲೆ ಟೈಮಿಗೆ ಸರಿಯಾಗಿ ನಡೆಯುತ್ತಾ? ಐದೂವರೆಗೆ ಹೊರಡಬೇಕಿದ್ದ ಟಿಟಿ ಏಳಕ್ಕೆ ಹೊರಟಿತು. ಬೆಂಗಳೂರಿಂದ 50 ಕಿ.ಮೀ. ಚಿಲ್ಲರೆ ದಾರಿ. ಆದರೆ ತುಮಕೂರು ರಸ್ತೆಯಲ್ಲಿ ತಟ್ಟೆ ಇಡ್ಲಿ ತಿನ್ನದೆ ಮುಂದೆ ಹೋಗೋದು ಪಾಪ ಅಂತ ನಮ್ಮ ಖಜಾಂಚಿಗಳ ನಂಬಿಕೆ. ಹೀಗಾಗಿ ದಾಬಸ್‌ಪೇಟೆ ಬರುವಷ್ಟರಲ್ಲಿ ಬಿಸಿಲು ನಮಗಿಂತ ಮೊದಲೇ ಬೆಟ್ಟ ಹತ್ತಿ ಕೂತಿತ್ತು.

ಈ ಬೆಟ್ಟ ದಿಕ್ಕಿಗೊಂದು ಥರ ಕಾಣುತ್ತಂತೆ. ಬಸವ, ಗಣಪ, ಲಿಂಗ, ಹಾವು. ಟಿಟಿಯಲ್ಲಿ ಎಡಗಡೆ ಕೂತವರಿಗೆ ಬಸವ ಕಂಡ, ಬಲಗಡೆಯವರಿಗೆ ಗಣಪ. ಡ್ರೈವರ್‌ಗೆ ಪಾರ್ಕಿಂಗ್ ಜಾಗ ಕಾಣಬೇಕಿತ್ತು, ಅದೊಂದು ಕಾಣಲಿಲ್ಲ.

ಕೆಳಗೆ ಹೊಂಗೆಮರಗಳೆಲ್ಲ ಚಿಗುರಿ ತಣ್ಣಗಿದ್ದವು. ಅಲ್ಲೇ ಕೂತು ವಾಪಸ್ ಬಂದಿದ್ದರೂ ನನ್ನದೇನೂ ತಕರಾರಿರಲಿಲ್ಲ. ಗಂಗಾಧರೇಶ್ವರನ ಗುಡಿಯಲ್ಲಿ ಲಿಂಗಕ್ಕೆ ಹಚ್ಚಿದ ತುಪ್ಪ ಬೆಣ್ಣೆಯಾಗುತ್ತೆ ಅಂದಾಗ ಮೂರನೇ ಮಹಡಿ ಆಂಟಿ, "ನಾವು ಅದನ್ನೇ ಕಾಯಿಸಿ ಕಾಯಿಸಿ ಗ್ಯಾಸ್ ಖಾಲಿ ಮಾಡ್ತೀವಿ, ಇಲ್ಲಿ ಉಲ್ಟಾನಾ?" ಅಂದರು.

ಆಮೇಲೆ ಒಳಕಲ್ ತೀರ್ಥ. ಬಂಡೆಯೊಳಗೆ ಒರಳಿನಂಥ ಕಿರಿದಾದ ಕುಳಿ. ಕೈ ಇಳಿಬಿಟ್ಟರೆ ಪುಣ್ಯವಂತರಿಗೆ ನೀರು ಸಿಗುತ್ತೆ ಅಂತ ಪ್ರತೀತಿ. ಮೊದಲ ಗೌರವ ಅಧ್ಯಕ್ಷರಿಗೆ ತಾನೇ? ವಾಚ್ ಬಿಚ್ಚಿ ಕಾರ್ಯದರ್ಶಿ ಕೈಗೆ ಕೊಟ್ಟರು. ತೋಳು ಮಡಚಿದರು. ಬಗ್ಗಿದರು, ಮಂಡಿಯೂರಿದರು, ಕೊನೆಗೆ ಕೆನ್ನೆಯನ್ನೇ ಕಲ್ಲಿಗೊತ್ತಿ ಭುಜದವರೆಗೂ ಕೈ ತೂರಿಸಿದರು. ಒಂದು ಕಣ್ಣು ಮುಚ್ಚಿತ್ತು, ಇನ್ನೊಂದು ನಮ್ಮನ್ನೇ ನೋಡುತ್ತಿತ್ತು.

"ಸಿಕ್ತಾ ಸಾರ್?"

ಉತ್ತರ ಇಲ್ಲ. ಬೆರಳು ಕಲ್ಲು ಕೆರೆಯುವ ಸದ್ದು ಮಾತ್ರ.

"ಇಲ್ಲೂ ನೀರಿಲ್ವಾ ಸಾರ್?" ಅಂದರು ಆಂಟಿ. ಫೆಬ್ರವರಿಯಿಂದ ನಮ್ಮ ಬೋರ್‌ವೆಲ್ ಬತ್ತಿದೆ ಅನ್ನೋದು ನಿಮಗೆ ಗೊತ್ತಿರಲಿ. ನಗಬಾರದು ಅಂತ ಎಲ್ಲರೂ ಬೇರೆ ಬೇರೆ ಕಡೆ ತಿರುಗಿ ಕೆಮ್ಮಿದರು. ಅಷ್ಟರಲ್ಲಿ ಖಜಾಂಚಿ ಮಗ ಸುಮ್ನೆ ಕೈ ಹಾಕಿ, "ಬೇಕಾದಷ್ಟಿದೆ ಅಂಕಲ್" ಅಂತ ಅಧ್ಯಕ್ಷರ ಮುಖಕ್ಕೇ ಚಿಮುಕಿಸಿದ.

ಮುಂದಿನದು ಕಡಿದಾದ ಮೆಟ್ಟಿಲು, ಕಾದ ಕಬ್ಬಿಣದ ಕಂಬಿ. ಹಿಡಿದರೆ ಕೈ ಸುಡುತ್ತೆ, ಬಿಟ್ಟರೆ ಜೀವ ಹೋಗುತ್ತೆ. ಉಳಿದಿದ್ದ ಒಂದೇ ಒಂದು ಜ್ಯೂಸ್ ಬಾಟಲಿಯನ್ನು ಕೋತಿಯೊಂದು ಕಾರ್ಯದರ್ಶಿ ಕೈಯಿಂದ ಕಿತ್ತುಕೊಂಡಿತು. ಅವರು "ಹೋಯ್" ಅಂದರು. ಕೋತಿ ಅವರನ್ನೊಮ್ಮೆ ನೋಡಿ, ನಿಧಾನವಾಗಿ ಮುಚ್ಚಳ ತಿರುಗಿಸಿ ತೆಗೆದು, ಕಾಲು ಚಾಚಿ ಕೂತು ಕುಡಿಯಿತು. ನಮ್ಮಲ್ಲಿ ಅಷ್ಟು ನೆಮ್ಮದಿಯಿಂದ ಇದ್ದವರು ಯಾರೂ ಇರಲಿಲ್ಲ.

ಅಂತೂ ತುದಿಯ ನಂದಿ ಮುಂದೆ ಬಂದು ಕುಸಿದೆವು. ತಂಪು ಗಾಳಿ ಬೀಸುತ್ತಿತ್ತು. ಆಗ ಅಧ್ಯಕ್ಷರ ಫೋನ್ ರಿಂಗಾಯಿತು. ನಮ್ಮ ವಾಚ್‌ಮನ್.

"ಸಾರ್, ಟ್ಯಾಂಕರ್ ಬಂದೈತೆ. ಸಂಪಿನ ಬೀಗದ ಕೈ ಎಲ್ಲಿ?"

ಅಧ್ಯಕ್ಷರು ಪ್ಯಾಂಟಿನ ಜೇಬು ಮುಟ್ಟಿ ನೋಡಿಕೊಂಡರು. ಒಳಗೆ ಕೀಗೊಂಚಲು ಗಲ್ಲೆಂದಿತು. ಒಮ್ಮೆ ಕೆಳಗಿನ ಪ್ರಪಾತದ ಕಡೆ ಇಣುಕಿದರು.

"ಹೋಗಬೇಡ ಅನ್ನು ಅವನಿಗೆ," ಅಂದರು. "ಸಾಹೇಬ್ರು ಗೇಟ್ ಹತ್ರಾನೇ ಇದ್ದಾರೆ ಅಂತ ಹೇಳು."