ಪ್ರತಿ ಬೂಟ್‌ಗೂ ಓಡುವುದಿಲ್ಲ

ಕ್ಲೌಡ್ ಸರ್ವರ್‌ಗಳ ಆರಂಭಿಕ ಸ್ಕ್ರಿಪ್ಟ್ (ಸರ್ವರ್ ಶುರುವಾಗುವಾಗ ತಾನಾಗಿಯೇ ಓಡುವ ಆದೇಶಗಳ ಪಟ್ಟಿ) ಕುರಿತ ಲೇಖನವೊಂದರ ಬಗ್ಗೆ ಈ ಟಿಪ್ಪಣಿ. ಸರ್ವರ್ ರೀಸ್ಟಾರ್ಟ್ ಆದಾಗಲೆಲ್ಲ ಈ ಸ್ಕ್ರಿಪ್ಟ್ ಓಡುತ್ತದೆ ಎಂದು ಅದರ ಲೇಖಕರು ಬರೆದಿದ್ದಾರೆ. ಎಲ್ಲ ಕಡೆಯೂ ಹಾಗಿಲ್ಲ. ಅಮೆಜಾನ್‌ನ ಕ್ಲೌಡ್ ಸರ್ವರ್ ಸೇವೆಯಾದ ಇಸಿ2ರ ಲಿನಕ್ಸ್ ಸರ್ವರ್‌ಗಳಲ್ಲಿ ಯೂಸರ್ ಡೇಟಾ ಸ್ಕ್ರಿಪ್ಟ್ (ಅಲ್ಲಿ ಆರಂಭಿಕ ಸ್ಕ್ರಿಪ್ಟ್‌ಗೆ ಇರುವ ಹೆಸರು) ಸಾಮಾನ್ಯವಾಗಿ ಮೊದಲ ಬೂಟ್‌ನಲ್ಲಷ್ಟೇ ಓಡುತ್ತದೆ; ಗೂಗಲ್ ಕ್ಲೌಡ್‌ನ ಸ್ಟಾರ್ಟಪ್ ಸ್ಕ್ರಿಪ್ಟ್ ಪ್ರತಿ ಬೂಟ್‌ಗೂ ಓಡುತ್ತದೆ. ಹಾಗಾಗಿ ಗೂಗಲ್ ಕ್ಲೌಡ್‌ನಲ್ಲಿ ಕಾನ್ಫಿಗ್ ಕಡತದ (ಸೆಟ್ಟಿಂಗ್‌ಗಳಿರುವ ಕಡತದ) ಕೊನೆಗೆ ಸಾಲೊಂದನ್ನು ಸೇರಿಸುವ ಸ್ಕ್ರಿಪ್ಟ್ ಇಟ್ಟರೆ, ರೀಸ್ಟಾರ್ಟ್ ಆದಷ್ಟು ಸಲವೂ ಅದೇ ಸಾಲು ಮತ್ತೆ ಬಂದು ಕೂರುತ್ತದೆ. ಸಾಲು ಈಗಾಗಲೇ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಮಾತ್ರ ಸೇರಿಸುವಂತೆ ಬರೆಯಬೇಕು.

ಅದಕ್ಕಿಂತ ದೊಡ್ಡ ತಕರಾರು: ಲೇಖನದ ಮಾದರಿ ಸ್ಕ್ರಿಪ್ಟ್‌ನಲ್ಲೇ ಡೇಟಾಬೇಸ್ ಪಾಸ್‌ವರ್ಡ್ ಇದೆಯಲ್ಲ! ಸರ್ವರ್‌ನೊಳಗೆ ನುಸುಳಿದ ಯಾವ ಪ್ರೋಗ್ರಾಂ ಬೇಕಾದರೂ 169.254.169.254 ವಿಳಾಸದ ಮೆಟಾಡೇಟಾ ಸೇವೆಯನ್ನು (ಸರ್ವರ್‌ಗೆ ಅದರದೇ ಮಾಹಿತಿಯನ್ನು, ಈ ಸ್ಕ್ರಿಪ್ಟ್ ಸಮೇತ, ಕೊಡುವ ಕ್ಲೌಡ್‌ನ ಸೇವೆ) ಕೇಳಿ ಆ ಪಾಸ್‌ವರ್ಡನ್ನು ಓದಿಕೊಳ್ಳಬಹುದು. ಓದುಗರು ಇಂಥ ಮಾದರಿಗಳನ್ನು ಯಥಾವತ್ತಾಗಿ ನಕಲು ಮಾಡುತ್ತಾರೆ, ದಯವಿಟ್ಟು ಪಾಸ್‌ವರ್ಡನ್ನು ತೆಗೆದುಹಾಕಿ.