ತಂಬೂರಿ ಹಾಕಿ ಕೇಳ್ರಿ ಒಮ್ಮೆ

ಎರಡು ದಿನದಿಂದ ತಲೆ ಕುದಿಯುತ್ತಿದೆ. ಮನೆಯಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ. ಚಹಾ ಇಟ್ಟುಕೊಂಡು ಕೂತುಕೊಳ್ಳಿ.

ಬೆಂಗಳೂರಿನಿಂದ ಅಕ್ಕನ ಮಗ ಬಂದಿದ್ದ. ಬ್ಯಾಗಿನಿಂದ ಒಂದು ಚರ್ಮದ ಡಬ್ಬಿ ತೆಗೆದ. ಅಜ್ಜಿಗೆ ಏನೋ ಬಂಗಾರದ್ದು ತಂದಿದ್ದಾನೆ ಅಂದುಕೊಂಡೆ. ಒಳಗೆ ನೋಡಿದರೆ ಇಯರ್‌ಫೋನ್. "ಇಯರ್‌ಫೋನ್ ಅನಬ್ಯಾಡ್ರಿ ಮಾಮಾ, ಐಇಎಂ ಅನ್ರಿ" ಅಂದ. ಇನ್-ಇಯರ್ ಮಾನಿಟರ್, ಕಿವಿಯೊಳಗೇ ತೂರಿಸುವಂಥದ್ದು. ಬೆಲೆ ಕೇಳಿದೆ. 1,28,000 ರೂಪಾಯಿ. ಬಂಗಾರ ಅಂದುಕೊಂಡಿದ್ದರಲ್ಲಿ ನನ್ನ ತಪ್ಪೇನೂ ಇರಲಿಲ್ಲ ಬಿಡಿ.

ಸಿಟ್ಟು ಬಂದಿದ್ದು ಬೆಲೆಗಲ್ಲ. ಅವನ ದುಡ್ಡು, ಅವನ ಕಿವಿ. ಇದನ್ನೇ ಯಾಕೆ ತಗೊಂಡೆ ಅಂತ ಕೇಳಿದೆ. ಅದಕ್ಕೆ ಅವನೊಂದು ವಿಡಿಯೋ ತೋರಿಸಿದ ನೋಡಿ, ಸಿಟ್ಟು ಬಂದಿದ್ದು ಅದಕ್ಕೆ. 18 ನಿಮಿಷದ ವಿಮರ್ಶೆ. ಡಬ್ಬಿ ಬಿಚ್ಚುವುದಕ್ಕೆ ನಾಲ್ಕು ನಿಮಿಷ. ವೈರಿನ ಹೆಣಿಗೆ ಬಗ್ಗೆ ಮೂರು ನಿಮಿಷ. ಆಮೇಲೆ ಪರೀಕ್ಷೆ. ಐದು ಹಾಡು, ಐದೂ ಇಂಗ್ಲಿಷ್. ಕಂಪ್ಯೂಟರಿನಲ್ಲೇ ಹುಟ್ಟಿದ ಢಮ್ ಢಮ್, ಅದರ ಮೇಲೆ ಪಿಸುಗುಡುವ ಒಂದು ಹೆಣ್ಣು ದನಿ. ಕೊನೆಗೆ ಅಂಕಪಟ್ಟಿ. ಬೇಸ್ (ಕೆಳಗಿನ ಸದ್ದು) 9, ಮಿಡ್ಸ್ (ನಡುವಿನದು) 8.5, ಟ್ರೆಬಲ್ (ಮೇಲಿನದು) 9, ಸೌಂಡ್‌ಸ್ಟೇಜ್ (ಸದ್ದಿನ ಹರವು) 9.5. ಎಸ್‌ಎಸ್‌ಎಲ್‌ಸಿ ಬೋರ್ಡಿನವರೂ ಇಷ್ಟು ಧೈರ್ಯವಾಗಿ ಅಂಕ ಕೊಡುವುದಿಲ್ಲ.

ಒಂದು ತಂಬೂರಿ ಇಲ್ಲ. ಒಂದು ತಬಲಾ ಇಲ್ಲ. ಹಾರ್ಮೋನಿಯಂ ಇಲ್ಲ. ಮಾತಾಡಿದ ಮಹಾಶಯ ಯಾವ ದೇಶದವನೋ ಆಗಿದ್ದರೆ ಸುಮ್ಮನಿರುತ್ತಿದ್ದೆ. ನಮ್ಮವನೇ, ಕನ್ನಡದಲ್ಲೇ ಮಾತಾಡುತ್ತಿದ್ದ.

ನಿಮಗೆಲ್ಲ ಗೊತ್ತೇ ಇದೆ, ಬೆಳಗಾವಿಯ ಖಡೇಬಜಾರಿನಲ್ಲಿ ಇಪ್ಪತ್ತೆರಡು ವರ್ಷ ಟೇಪ್‌ರೆಕಾರ್ಡರ್ ರಿಪೇರಿ ಮಾಡಿದವನು ನಾನು. ಟೇಪನ್ನು ಓದುವ ಹೆಡ್ ಪಕ್ಕದಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತಿತ್ತು. ಅಜಿಮತ್ ಸ್ಕ್ರೂ. ಹೆಡ್ ಕೂದಲೆಳೆಯಷ್ಟು ವಾರೆಯಾದರೂ ಹಾಡಿಗೆ ಕಂಬಳಿ ಹೊದಿಸಿದ ಹಾಗೆ ಆಗುತ್ತಿತ್ತು. ಆ ಸ್ಕ್ರೂ ತಿರುಗಿಸುವಾಗ ನಾನು ಹಾಕುತ್ತಿದ್ದದ್ದು ಒಂದೇ ಕ್ಯಾಸೆಟ್, ಅವ್ವ ಮನೆಯಲ್ಲಿ ತಂಬೂರಿ ಮೀಟಿದ್ದು. ಯಾಕೆ ಅಂದರೆ ಆ ತಂಬೂರಿ ನನ್ನ ಕಿವಿಗೆ ಗೊತ್ತಿತ್ತು. ಅದು ಹೇಗೆ ಕೇಳಬೇಕು ಅನ್ನುವುದು ಗೊತ್ತಿದ್ದರೆ ತಾನೇ ಹೇಗೆ ಕೇಳುತ್ತಿಲ್ಲ ಅಂತ ಹೇಳಲು ಬರುವುದು?

ನನ್ನ ತಕರಾರು ಇಷ್ಟೇ. ಫೋಟೋ ಹೋಲುತ್ತದೋ ಇಲ್ಲವೋ ಅನ್ನಲು ಆ ಮನುಷ್ಯನ ಮುಖ ನೋಡಿರಬೇಕು. ಕಂಪ್ಯೂಟರಿನಲ್ಲಿ ಹುಟ್ಟಿದ ಢಮ್‌ಗೆ ಮುಖವೇ ಇಲ್ಲ. ಅದನ್ನು ಯಾರೂ ಯಾವ ಕೋಣೆಯಲ್ಲೂ ಎದುರು ಕೂತು ಕೇಳಿಲ್ಲ. ಅದನ್ನಿಟ್ಟುಕೊಂಡು "ಬೇಸ್ ತುಂಬ ನ್ಯಾಚುರಲ್" ಅಂತೀರಲ್ಲ, ಯಾವ ನ್ಯಾಚುರಲ್?

ತಂಬೂರಿಯೇ ಯಾಕೆ ಅಂತ ಅಳಿಯನೂ ಕೇಳಿದ. ಜವಾರಿ ಇದೆ ಅದರಲ್ಲಿ, ಅಂದೆ. ಅವನು ಕೋಳಿ ಅಂದುಕೊಂಡ. ಬೆಂಗಳೂರಿಗೆ ಹೋಗಿ ಆರು ವರ್ಷ ಆಯಿತು, ಪಾಪ. ಜವಾರಿ ಅಂದರೆ ನಮ್ಮ ಕಡೆ ನಾಟಿ ಕೋಳಿಗೂ ಅನ್ನುತ್ತಾರೆ, ಬೆಂಡೆಕಾಯಿಗೂ ಅನ್ನುತ್ತಾರೆ, ನಿಜ. ತಂಬೂರಿಯ ಜವಾರಿ ಬೇರೆ. ಕುದುರೆ, ಅಂದರೆ ತಂತಿ ಕೂರುವ ಪಟ್ಟಿ, ಅಗಲವಾಗಿ, ನವಿರಾಗಿ ಬಾಗಿರುತ್ತದೆ. ತಂತಿಯ ಕೆಳಗೆ ಒಂದು ಹತ್ತಿ ನೂಲಿನ ಎಳೆ ತೂರಿಸಿ ಹಿಂದೆ ಮುಂದೆ ಸರಿಸುತ್ತಾರೆ. ಸರಿಯಾದ ಜಾಗ ಸಿಕ್ಕಾಗ ತಂತಿ ಕುದುರೆಯನ್ನು ಮುಟ್ಟಿ ಮುಟ್ಟಿ ಝೇಂಕರಿಸುತ್ತದೆ. ತಂತಿಯನ್ನು ಎಲ್ಲಿ ಮೀಟುತ್ತೇವೋ ಅಲ್ಲಿ ಕೆಲವು ಹಾರ್ಮೋನಿಕ್‌ಗಳು (ಮೂಲ ಸ್ವರದ ಜೊತೆ ಏಳುವ ಮೇಲಿನ ಸ್ವರಗಳು) ಏಳಲೇಬಾರದು ಅನ್ನುವುದು ಹಳೆಯ ನಿಯಮ. ನಮ್ಮ ವೀಣೆ, ತಂಬೂರಿಯಲ್ಲಿ ಅವೂ ಏಳುತ್ತವೆ, ಅದಕ್ಕೆ ಈ ಬಾಗಿದ ಕುದುರೆಯೇ ಕಾರಣ ಅಂತ ಸಿ. ವಿ. ರಾಮನ್ 1921ರಲ್ಲೇ ಬರೆದಿದ್ದಾರೆ.

ಅವ್ವನ ಷಡ್ಜ ಕಪ್ಪು ನಾಲ್ಕು, ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆ. ಅಂದರೆ ಸುಮಾರು 208 ಹರ್ಟ್ಜ್. ಖರ್ಜದ, ಅಂದರೆ ಕೆಳಗಿನ ಷಡ್ಜದ, ತಂತಿ ಅದರ ಅರ್ಧ, 104. ಆ ಒಂದು ತಂತಿ ಮೀಟಿದರೆ ಕೆಳಗಿನ 104ರಿಂದ ಹಿಡಿದು ಮೇಲೆ ಕೆಲವು ಸಾವಿರ ಹರ್ಟ್ಜ್‌ವರೆಗೆ ಸ್ವರಗಳ ಒಂದು ಸಾಲೇ ಏಳುತ್ತದೆ. ಅದೂ ಒಟ್ಟಿಗೆ ನಿಲ್ಲುವುದಿಲ್ಲ. ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಜಾರುತ್ತದೆ, ನೀರು ಮೆಟ್ಟಿಲು ಇಳಿದ ಹಾಗೆ. ಇಯರ್‌ಫೋನ್ ಎಲ್ಲಾದರೂ ಸದ್ದನ್ನು ಉಬ್ಬಿಸುತ್ತಿದ್ದರೆ ಆ ಜಾಗದಲ್ಲಿ ಒಂದು ಸ್ವರ ಧಗ್ಗನೆ ಮೇಲೇಳುತ್ತದೆ. ತಗ್ಗಿಸುತ್ತಿದ್ದರೆ ಒಂದು ಮೆಟ್ಟಿಲೇ ಮಾಯ. ಒಂದು ನಿಮಿಷ ಸಾಕು. ಐದು ಹಾಡು ಯಾಕೆ ಬೇಕು?

ಸರಿ, ಮಾಡಿಯೇ ಬಿಟ್ಟೆವು. ಟಿಳಕವಾಡಿಯಲ್ಲಿ ಮನೆ ಇರುವವರಿಗೆ ಗೊತ್ತು, ಬೆಳಿಗ್ಗೆ ಐದರ ನಂತರ ರೆಕಾರ್ಡಿಂಗ್ ಅನ್ನುವ ಮಾತೇ ಇಲ್ಲ. ರೈಲ್ವೆ ಗೇಟು, ಹಾಲಿನ ಗಾಡಿ, ಎದುರು ಮನೆಯವರ ಬೋರ್‌ವೆಲ್ ಮೋಟಾರು. ಅದಕ್ಕೇ ನಾಲ್ಕೂವರೆಗೆ ಎದ್ದು, ಫ್ಯಾನ್ ಬಂದ್ ಮಾಡಿ, ಗವಸು ತೆಗೆದು, ಶ್ರುತಿ ಹಚ್ಚಿ, ನನ್ನ ಸಣ್ಣ ರೆಕಾರ್ಡರಿನಲ್ಲಿ ಹತ್ತು ನಿಮಿಷ ಹಿಡಿದೆ. ಮಿರಜದ ತಂಬೂರಿ ಅದು. ಮಿರಜದ ತಂಬೂರಿಗೆ, ಸಿತಾರಿಗೆ 2024ರಲ್ಲಿ ಜಿಐ ಟ್ಯಾಗ್, ಅಂದರೆ ಆ ಊರಿನದೇ ವಸ್ತು ಅನ್ನುವ ಸರ್ಕಾರಿ ಮುದ್ರೆ, ಸಿಕ್ಕಿತು. ಅವ್ವನಿಗೆ ಹೇಳಿದರೆ "ಈಗ ಗೊತ್ತಾತೇನು ಅವರಿಗೆ" ಅಂದಳು. ಆಮೇಲೆ ತಂಬೂರಿ ಎದುರಿಗಿಟ್ಟು ಒಮ್ಮೆ ಅದನ್ನು ಮೀಟುವುದು, ಒಮ್ಮೆ ಇಯರ್‌ಫೋನ್ ಹಾಕಿ ರೆಕಾರ್ಡಿಂಗ್ ಕೇಳುವುದು. ಒಂದು ಕಡೆ ಅಳಿಯನ 1,28,000, ಇನ್ನೊಂದು ಕಡೆ ನನ್ನ 1,900.

ಶುರು ಮಾಡುವ ಮೊದಲೇ ಅರ್ಧ ತಾಸು ಜಗಳ. ಒಂದೇ ವಾಲ್ಯೂಮಿನಲ್ಲಿ ಅವನದು ಜೋರಾಗಿ ಕೇಳುತ್ತಿತ್ತು. "ನೋಡ್ರಿ ಮಾಮಾ, ಎಷ್ಟು ತುಂಬಿ ಬರತದ" ಅಂದ. ಅಲ್ಲೇ ಇರುವುದು ಮೋಸ. ದನಿ ಕಡಿಮೆಯಾದಾಗ ನಮ್ಮ ಕಿವಿಗೆ ಮೊದಲು ಕೈಕೊಡುವುದು ಖರ್ಜ. ಜೋರು ಮಾಡಿದರೆ ಅದು ತುಂಬಿ ಬರುತ್ತದೆ. ಫ್ಲೆಚರ್ ಮತ್ತು ಮನ್ಸನ್ ಅನ್ನುವವರು 1933ರಲ್ಲೇ ಇದನ್ನು ಗೆರೆ ಎಳೆದು ತೋರಿಸಿದ್ದಾರೆ. ಚೂರು ಜೋರಿದ್ದದ್ದು ಯಾವಾಗಲೂ ಚೆನ್ನಾಗಿಯೇ ಕೇಳುತ್ತದೆ. ಅಂಗಡಿಯವರು ಸ್ಪೀಕರ್ ಮಾರುವುದೂ ಹಾಗೇ. ಅದಕ್ಕೆ 1 ಕಿಲೋಹರ್ಟ್ಜ್ ಶಿಳ್ಳೆ ಹಾಕಿ, ಎರಡರಲ್ಲೂ ಸಮ ಕೇಳುವ ತನಕ ವಾಲ್ಯೂಮ್ ಹೊಂದಿಸಿದೆವು. ಆ ವಿಡಿಯೋದಲ್ಲಿ ಇದರ ಸುದ್ದಿಯೇ ಇರಲಿಲ್ಲ.

ಆಮೇಲೆ ಕಿವಿಯೊಳಗೆ ಕೂರುವ ರಬ್ಬರ್ ಟಿಪ್. ಅಳಿಯ ಎರಡೂ ಕಿವಿಗೆ ಮಧ್ಯದ ಸೈಜು ಹಾಕಿಕೊಂಡಿದ್ದ. ಬಲಗಿವಿಯಲ್ಲಿ ಗಾಳಿ ಸೋರುತ್ತಿತ್ತು. ಸಣ್ಣ ಸಂದಿ ಇದ್ದರೂ ಕೆಳಗಿನ ಸ್ವರವೆಲ್ಲ ಸೋರಿ ಹೋಗುತ್ತದೆ. ಮೂರು ತಿಂಗಳು 1,28,000 ರೂಪಾಯಿಯ ಬೇಸ್ ಹಾಗೇ ಹೊರಗೆ ಹೋಗಿದೆ. ಐದು ರೂಪಾಯಿ ರಬ್ಬರಿನಿಂದ.

ಈಗ ಫಲಿತಾಂಶ. ನನ್ನ ಅಗ್ಗದ್ದರಲ್ಲಿ ಖರ್ಜ ಊದಿಕೊಂಡು ಕೂತಿತ್ತು, ಹಬ್ಬದ ಊಟ ಆದ ಮಾವನ ಹಾಗೆ. ಒಪ್ಪುತ್ತೇನೆ. ಅವನದರಲ್ಲಿ ಖರ್ಜ ಅಚ್ಚುಕಟ್ಟು, ಎದುರಿಗಿದ್ದ ತಂಬೂರಿಗೆ ಬಹಳ ಹತ್ತಿರ. ಒಂದು ಕ್ಷಣ ನನಗೇ ಹೊಟ್ಟೆಕಿಚ್ಚಾಯಿತು. ಆದರೆ ಜವಾರಿ? ಝೇಂಕಾರದ ಜಾಗದಲ್ಲಿ ತೆಳು ತಗಡು ಅಲುಗಾಡಿಸಿದ ಸದ್ದು. ಸ್ವರಗಳು ಜಾರುತ್ತಾ ಬರುವಾಗ ಒಂದು ಕಡೆ ಎಡವುತ್ತಿದ್ದವು. ಅದರೊಳಗೆ ಒಂದೊಂದು ಕಿವಿಗೆ ಎಂಟು ಡ್ರೈವರ್, ಅಂದರೆ ಪುಟ್ಟ ಸ್ಪೀಕರ್, ಇವೆಯಂತೆ. ಅದರಲ್ಲಿ ಬ್ಯಾಲೆನ್ಸ್ಡ್ ಆರ್ಮೇಚರ್ ಅನ್ನುವವು ಮೂಲದಲ್ಲಿ ಕಿವುಡರ ಮಷೀನಿನಿಂದ ಬಂದವು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸ್ವರ ದಾಟಿಸುವಾಗ ಚೆಲ್ಲುತ್ತಿತ್ತು ಅನ್ನಿಸಿತು ನನಗೆ.

"ಅದು ರೆಸಲ್ಯೂಶನ್ ಮಾಮಾ" ಅಂದ ಅಳಿಯ. ಸಣ್ಣ ವಿವರವೂ ಬಿಡಿಸಿ ಕೇಳುವುದಕ್ಕೆ ಹಾಗನ್ನುತ್ತಾರೆ. "ರೆಸಲ್ಯೂಶನ್ ಅಲ್ಲಪಾ, ತಗಡು" ಅಂದೆ. "ಗ್ರಾಫ್ ನೋಡ್ರಿ, ಭಾರಿ ಛಲೋ ಅದ" ಅಂದ.

ಗ್ರಾಫಿನ ಮಾತು ಬಂತಲ್ಲ, ಅದನ್ನೂ ಮುಗಿಸಿಬಿಡುತ್ತೇನೆ. ಯಾವ ಸ್ವರ ಎಷ್ಟು ಜೋರು ಬರುತ್ತದೆ ಅಂತ ತೋರಿಸುವ ಗೆರೆ ಅದು. ಇವುಗಳನ್ನು ಅಳೆಯುವುದು ಲೋಹದ ಒಂದು ನಕಲಿ ಕಿವಿಯಲ್ಲಿ. ಅದನ್ನು ಕಪ್ಲರ್ ಅನ್ನುತ್ತಾರೆ. ಇಯರ್‌ಫೋನನ್ನು ಎಷ್ಟು ಆಳಕ್ಕೆ ತೂರಿಸುತ್ತೀರಿ ಅನ್ನುವುದರ ಮೇಲೆ 8 ಕಿಲೋಹರ್ಟ್ಜ್ ಆಸುಪಾಸಿನಲ್ಲಿ ಒಂದು ಶಿಖರ ಏಳುತ್ತದೆ. ನಿಜವಾದ ಕಿವಿಯ ಕೊಳವೆ ಎರಡೂವರೆ ಸೆಂಟಿಮೀಟರ್ ಅಷ್ಟೇ, ಅದೂ ಒಬ್ಬೊಬ್ಬರದು ಒಂದೊಂದು ಥರ. ಶಿಖರ ನನಗೆ ಒಂದು ಕಡೆ, ನಿಮಗೆ ಇನ್ನೊಂದು ಕಡೆ. ಜವಾರಿಯ ಅಂಚು ಇರುವುದೂ ಆ ಮೇಲಿನ ಕಡೆಯೇ. ಹಾಗಾಗಿ ಗ್ರಾಫ್ ಖರ್ಜದ ಬಗ್ಗೆ ನಿಜ ಹೇಳುತ್ತದೆ, ಜವಾರಿಯ ಬಗ್ಗೆ ಊಹೆ ಹೇಳುತ್ತದೆ. (ನ್ಯಾಯವಾಗಿ ಹೇಳಬೇಕು ಅಂದರೆ, ಟಿಪ್ ಇನ್ನಷ್ಟು ಒಳಗೆ ತಳ್ಳಿದಾಗ ತಗಡಿನ ಸದ್ದು ಸ್ವಲ್ಪ ತಗ್ಗಿತು. ಪೂರ್ತಿ ಹೋಗಲಿಲ್ಲ.)

"ಎಲ್ಲರೂ ತಂಬೂರಿ ಕೇಳುತ್ತಾರೇನು? ಯಾರು ಏನು ಕೇಳುತ್ತಾರೋ ಅದರಲ್ಲೇ ಪರೀಕ್ಷೆ ಮಾಡಲಿ" ಅಂತ ನಿಮ್ಮಲ್ಲಿ ಯಾರಾದರೂ ಬರೆಯುತ್ತೀರಿ, ಗೊತ್ತು. ಮಾಡಲಿ. ಯಾರು ಬೇಡ ಅಂದರು? ಆದರೆ ಆಗ ಅಂಕ ಕೊಡಬೇಡಿ, "ನನಗೆ ಇಷ್ಟ ಆಯ್ತು" ಅನ್ನಿ, ಮುಗೀತು. 2017ರಲ್ಲಿ ಜೆರೋನ್ ಬ್ರೇಬಾರ್ಟ್ ಅನ್ನುವವರು 283 ಹೆಡ್‌ಫೋನ್‌ಗಳ ಅಳತೆ ನೋಡಿ, ಬೆಲೆಗೂ ಫ್ರೀಕ್ವೆನ್ಸಿ ರೆಸ್ಪಾನ್ಸಿಗೂ (ಗ್ರಾಫ್ ತೋರಿಸುವುದು ಅದನ್ನೇ) ಸಂಬಂಧ ಕಾಣಲಿಲ್ಲ ಅಂತ ಬರೆದರು. ಅಳಿಯನಿಗೆ ಹೇಳಿದೆ. "ಫ್ರೀಕ್ವೆನ್ಸಿ ರೆಸ್ಪಾನ್ಸೇ ಎಲ್ಲಾ ಅಲ್ಲ" ಅಂದ. ಐದು ನಿಮಿಷದ ಹಿಂದೆ ಗ್ರಾಫ್ ನೋಡ್ರಿ ಅಂದವನೂ ಅವನೇ.

ಇಷ್ಟು ಉರಿಯಲು ಕಾರಣ ಇದೆ, ಹೇಳಿಬಿಡುತ್ತೇನೆ. 2019ರಲ್ಲಿ ನಾನೂ ಇಂಥದೇ ಒಂದು ವಿಮರ್ಶೆ ನಂಬಿ 22,000 ಕೊಟ್ಟು ಒಂದು ಜೊತೆ ತರಿಸಿದ್ದೆ. ಮನೆಯಲ್ಲಿ 2,200 ಅಂದಿದ್ದೆ. ಬೇಸ್ 9.5 ಇತ್ತು ಅಂಕಪಟ್ಟಿಯಲ್ಲಿ. ಡಗ್ಗಾ, ಅಂದರೆ ತಬಲಾದ ಎಡಗೈ ಕಡೆಯದು, ಕೇಳಿದೆ. ಡಗ್ಗಾದ ಮೇಲೆ ಅಂಗೈ ಒತ್ತಿ ಜಾರಿಸಿದಾಗ "ಘೇ" ಒಂದು ಸ್ವರದಿಂದ ಇನ್ನೊಂದಕ್ಕೆ ಬಾಗುತ್ತದಲ್ಲ, ಅದೇ ಅದರ ಪ್ರಾಣ. ಇದರಲ್ಲಿ ಬಾಗುವುದೇ ಇಲ್ಲ. ಗೋಣಿಚೀಲ ಅಟ್ಟದಿಂದ ಬಿದ್ದ ಹಾಗೆ ಒಂದೇ ಢಬ್. ಉಬ್ಬಿಸಿದ ಬೇಸಿನಲ್ಲಿ ಎಲ್ಲ ಸ್ವರವೂ ಒಂದೇ ಸ್ವರ. ಅಂಗಡಿಗೆ ಬಂದು "ಬೇಸ್ ಜಾಸ್ತಿ ಮಾಡ್ರಿ" ಅನ್ನುತ್ತಿದ್ದ ಗಿರಾಕಿಗಳನ್ನು ನೋಡಿ ನಕ್ಕಿದ್ದೆ ನಾನು. ಅದೇ ತಪ್ಪಿಗೆ 22,000 ಕೊಟ್ಟೆ. ವರ್ಷ ತುಂಬುವ ಮೊದಲು ಅರ್ಧ ರೇಟಿಗೆ ಮಾರಿದೆ. ಉಳಿದರ್ಧ ಎಲ್ಲಿ ಹೋಯಿತು ಅಂತ ಇವತ್ತಿಗೂ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಇನ್ನೊಂದಿದೆ. ಈ ವಿಮರ್ಶಕರು ಹಾಕುವುದೆಲ್ಲ ಗಾಜಿನಂಥ ರೆಕಾರ್ಡಿಂಗ್. ನಾವು ಕೇಳುವುದು ಏನು? ಅರ್ಧಕ್ಕರ್ಧ ಹಳೆಯ ಕಛೇರಿಗಳು, ರೇಡಿಯೋದಿಂದ ಹಿಡಿದ ಟೇಪುಗಳು. ಹಿಂದೆ ಸುಂಯ್ ಅನ್ನುತ್ತಿರುತ್ತದೆ, ಯಾರೋ ಕೆಮ್ಮುತ್ತಾರೆ, ಮೈಕು ಕುಂಯ್ ಅನ್ನುತ್ತದೆ. ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಇಲ್ಲೇ ನಮ್ಮ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದವರು. ಕ್ಷಯ ಬಂದು ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾದ ಮೇಲೂ ಹಾಡಿದರು. ಅವರ ಹಳೆಯ ಕಛೇರಿಯೊಂದನ್ನು ಅಳಿಯನ ಡಬ್ಬಿಯಲ್ಲಿ ಹಾಕಿದೆ. ಟೇಪಿನ ಸುಂಯ್ ಮುಂದಿನ ಸಾಲಿನಲ್ಲಿ ಕೂತಿತ್ತು, ದನಿ ಅದರ ಹಿಂದೆ. ಅವರು ಎರಡು ಸ್ವರದ ನಡುವೆ ಎಳೆದುಕೊಳ್ಳುವ ಆ ಸಣ್ಣ ಉಸಿರು ಕೇಳಬೇಕು ನನಗೆ. ಅದು ಸುಂಯ್‌ನಲ್ಲಿ ಮುಳುಗಿತ್ತು. ನನ್ನ 1,900ದರಲ್ಲಿ ಮೇಲಿನ ಕಡೆ ಸ್ವಲ್ಪ ಮಂಕು, ಅದಕ್ಕೇ ಉಸಿರು ಕೇಳಿತು. ಮಂಕೂ ಒಮ್ಮೊಮ್ಮೆ ಉಪಕಾರ ಮಾಡುತ್ತದೆ.

ನನ್ನ ಕಿವಿಯ ಬಗ್ಗೆಯೂ ಹೇಳಿಬಿಡಬೇಕು, ಇಲ್ಲದಿದ್ದರೆ ಮೋಸವಾಗುತ್ತದೆ. ಹೋದ ವರ್ಷ ಪರೀಕ್ಷೆ ಮಾಡಿಸಿದಾಗ 11,000 ಹರ್ಟ್ಜ್ ಮೇಲೆ ನನಗೆ ಏನೂ ಕೇಳಿಸಲಿಲ್ಲ. ವಯಸ್ಸು 57. ಆ ವಿಡಿಯೋದವನು "15 ಕಿಲೋಹರ್ಟ್ಜ್ ಮೇಲೆ ಗಾಳಿ ಆಡುತ್ತದೆ" ಅಂದನಲ್ಲ, ಇರಬಹುದು. ನನ್ನ ಪಾಲಿಗೆ ಅಲ್ಲಿ ಗಾಳಿಯೂ ಇಲ್ಲ, ಮಳೆಯೂ ಇಲ್ಲ.

ಕೊನೆಗೆ ಅಳಿಯ ಅಂದ, "ಅಜ್ಜಿಗೆ ಕೇಳಸೂಣು." ಅವ್ವನಿಗೆ 82. ಸೋಫಾದ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಅವನೇ ಟಿಪ್ ಬದಲಿಸಿ, ಒರೆಸಿ, ಮೆಲ್ಲಗೆ ಅವಳ ಕಿವಿಗೆ ಇಟ್ಟ. ತಂಬೂರಿಯ ರೆಕಾರ್ಡಿಂಗ್ ಹಾಕಿದ. ಅವ್ವ ಕಣ್ಣು ಮುಚ್ಚಿದಳು. ನಾನೂ ಅವನೂ ಪರೀಕ್ಷೆಯ ರಿಸಲ್ಟಿಗೆ ನಿಂತ ಹುಡುಗರ ಹಾಗೆ ನಿಂತಿದ್ದೆವು. ಅರ್ಧ ನಿಮಿಷದಲ್ಲಿ ಮುಖ ಹುಳಿ ಮಾಡಿದಳು. ಅಳಿಯ ಗಾಬರಿಯಾಗಿ ತೆಗೆದು ನನ್ನ 1,900ದ್ದು ಹಾಕಿದ. ಮತ್ತೆ ಅದೇ ಮುಖ.

"ಯಾಕವ್ವಾ, ಯಾವುದು ಛಲೋ ಅದ?"

"ಪಂಚಮ ಒಂದೆಳಿ ಇಳದದಲ್ಲೋ. ಯಾರು ಹಚ್ಯಾರ ಇದನ್ನ?"

"ನಾನೇ."

"ಗೊತ್ತಾತು" ಅಂದು ಶೇಂಗಾದ ಬುಟ್ಟಿ ಎಳೆದುಕೊಂಡಳು.

ಅಳಿಯ ನಕ್ಕಿದ್ದು ಹೇಗೆ ಅಂದರೆ, ಇನ್ನೂ ಕಿವಿಯಲ್ಲಿದೆ. ಇಡೀ ಮುಂಜಾನೆ ನಾನು ಅಳತೆಕೋಲು ಅಳತೆಕೋಲು ಅಂತ ಭಾಷಣ ಮಾಡಿದ್ದೆ. ಆ ಅಳತೆಕೋಲೇ ಗಿಡ್ಡ. ಎರಡು ತಾಸು ಕೇಳಿದರೂ ನನಗೆ ಗೊತ್ತಾಗಲಿಲ್ಲ, ಅವಳಿಗೆ ಅರ್ಧ ನಿಮಿಷ ಸಾಕಾಯಿತು.

ಅಳಿಯ ರಾತ್ರಿ ರೈಲಿಗೆ ಹೋದ. ಡಬ್ಬಿ ಇಲ್ಲೇ ಬಿಟ್ಟಿದ್ದಾನೆ, "ಇನ್ನೊಮ್ಮೆ ಸರಿಯಾಗಿ ಮಾಡ್ರಿ ಮಾಮಾ, ಮುಂದಿನ ಸಲ ಬಂದಾಗ ಒಯ್ಯತೀನಿ" ಅಂತ. ನಾಳೆ ನಾಲ್ಕೂವರೆಗೆ ಅಲಾರಂ ಇಟ್ಟಿದ್ದೇನೆ. ಪಂಚಮ ಅವ್ವನೇ ಹಚ್ಚುತ್ತಾಳಂತೆ.