ದಣಿವಿಗೊಂದು ಫಾರಂ

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದು ಕೇಳುತ್ತಿದ್ದ ಕಾಲ ಹೋಯಿತು. ಈಗ ಕನ್ನಡಿಯ ಜೊತೆಗೆ ನಾಲ್ಕು ಪುಟದ ಪ್ರಶ್ನಾವಳಿಯೂ ಬೇಕು. ದಾದಿಯರು ದಣಿಯುತ್ತಾರೆಯೇ ಎಂದು ಆಸ್ಪತ್ರೆಗಳು ಮತ್ತೊಮ್ಮೆ ಅಳೆಯಲು ಹೊರಟಿವೆ. ಅಭಿನಂದನೆಗಳು.

ಬಂಧುವೊಬ್ಬರ ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ಕೂತು ನಾನು ಈ ಅಳತೆಯನ್ನು ಕಣ್ಣಾರೆ ಕಂಡೆ. ರಾತ್ರಿ ಪಾಳಿ ಮುಗಿದಿತ್ತು, ಕೇಸ್‌ಶೀಟ್‌ಗಳನ್ನು ಒಪ್ಪಿಸಿಯಾಗಿತ್ತು. ಸಿಸ್ಟರ್ ಇನ್ನೇನು ಹೊರಡಬೇಕು, ಅಷ್ಟರಲ್ಲಿ ಕೈಗೆ ಫಾರಂ ಬಂತು. ಅವರ ಎಡತೋಳಿಗೆ ಅಂಟಿಸಿಕೊಂಡಿದ್ದ ಬಿಳಿ ಪ್ಲಾಸ್ಟರ್ ಪಟ್ಟಿಯ ಮೇಲೆ ಯಾವ ಹಾಸಿಗೆಯ ಡ್ರಿಪ್ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂಬ ಲೆಕ್ಕ ಅರ್ಧ ಅಳಿಸಿಹೋಗಿತ್ತು. ನಿಂತುಕೊಂಡೇ ಬರೆದರು. ವಯಸ್ಸಿನ ಜಾಗದಲ್ಲಿ 23 ಎಂದು ತುಂಬಿ, ಒಂದು ಕ್ಷಣ ದಿಟ್ಟಿಸಿ, ಹೊಡೆದುಹಾಕಿದರು. ಇಪ್ಪತ್ತಮೂರು ನಮ್ಮ ಬಂಧುವಿನ ಹಾಸಿಗೆಯ ಸಂಖ್ಯೆ.

ಅಳತೆಗೋಲೇನೋ ಒಳ್ಳೆಯದೇ. 1980ರ ದಶಕದಲ್ಲಿ ಫಿನ್ಲೆಂಡಿನವರು ರೂಪಿಸಿದ ಕಾರ್ಯಸಾಮರ್ಥ್ಯ ಸೂಚ್ಯಂಕ. ಕನಿಷ್ಠ 7, ಗರಿಷ್ಠ 49 ಅಂಕ, 28ಕ್ಕಿಂತ ಕೆಳಗಿಳಿದರೆ ಸಾಮರ್ಥ್ಯ ಕಳಪೆ. ಮೊದಲ ಪ್ರಶ್ನೆಯಂತೂ ಬಲು ಸೊಗಸು: ನಿಮ್ಮ ಜೀವಮಾನದ ಅತ್ಯುತ್ತಮ ಸಾಮರ್ಥ್ಯಕ್ಕೆ ಹತ್ತು ಅಂಕವಾದರೆ ಈಗ ಎಷ್ಟು? ನಾನೂ ಮನಸ್ಸಿನಲ್ಲೇ ಹಾಕಿಕೊಂಡು ನೋಡಿದೆ. ಒಂದೇ ರಾತ್ರಿ ಸ್ಟೂಲಿನಲ್ಲಿ ತೂಕಡಿಸಿದ್ದಕ್ಕೆ ಮೂರು ಬಂತು. ಅದರಲ್ಲೂ ಒಂದಂಕ, ಒರಗಿದ್ದ ಗೋಡೆ ಕೊಟ್ಟ ಕೃಪಾಂಕ. ಎರಡು ವರ್ಷದ ನಂತರವೂ ಈ ಕೆಲಸ ಮಾಡಬಲ್ಲಿರಾ ಎಂಬುದು ಇನ್ನೊಂದು ಪ್ರಶ್ನೆ. ಮೊದಲು ಈ ಮೆಟ್ಟಿಲು ಇಳಿಯಲಿ ಸ್ವಾಮಿ, ಆಮೇಲೆ ಎರಡು ವರ್ಷ.

ಅಂಕವೆಲ್ಲ ದಾದಿಗೇ. ಡ್ಯೂಟಿ ಪಟ್ಟಿ ಬರೆದವರಿಗೆ ಯಾವ ಪ್ರಶ್ನೆಯೂ ಇಲ್ಲ. ಸತತ 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹಿಡಿತ, ರಕ್ತದಲ್ಲಿ ಶೇ 0.05ರಷ್ಟು ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆಂದು 1997ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಕುಡಿದು ಗಾಡಿ ಓಡಿಸಿದವರನ್ನು ಹಿಡಿಯಲು ಪೊಲೀಸರಿದ್ದಾರೆ. ನಿದ್ದೆಗೆಟ್ಟು ಇನ್ಸುಲಿನ್ ಅಳೆಯುವವರಿಗೆ ಮಾತ್ರ ‘ಸೇವಾ ಮನೋಭಾವ’ ಎಂಬ ಬಿರುದು, ದಾದಿಯರ ದಿನವಾದ ಮೇ 12ರಂದು ಒಂದು ಗುಲಾಬಿ, ಕೈಗೊಂದು ದೀಪ, ಮುಗಿಯದ ಭಾಷಣ. ಪೈಲಟ್‌ಗಳ ಡ್ಯೂಟಿಗೆ ಗಂಟೆಯ ಮಿತಿಯಿದೆ. ವಿಮಾನ ಬಿದ್ದರೆ ಊರಿಗೆಲ್ಲ ಕೇಳಿಸುತ್ತದೆ ನೋಡಿ. ವಾರ್ಡಿನಲ್ಲಿ ಡೋಸಿನ ಪಕ್ಕ ಒಂದು ಸೊನ್ನೆ ಹೆಚ್ಚಿಗೆ ಬಿದ್ದರೆ ಪಕ್ಕದ ಹಾಸಿಗೆಯವರಿಗೂ ಗೊತ್ತಾಗುವುದಿಲ್ಲ.

ಜನ ಸಾಲದು. ಇದು ಫಾರಂ ಮುದ್ರಿಸಿದವರಿಗೂ ಗೊತ್ತು. ಇಬ್ಬರ ಕೆಲಸವನ್ನು ಒಬ್ಬರ ಮೇಲೆ ಹೇರಿ, ನಿಮಗೇಕೆ ಸುಸ್ತು ಎಂದು ಅವರನ್ನೇ ಕೇಳುವುದಕ್ಕೆ ನಾಚಿಕೆಯಾಗಬೇಕು.

ಸಿಸ್ಟರ್ ಫಾರಂ ಒಪ್ಪಿಸಿದರು. ದಣಿವು ನಿರ್ವಹಣೆಯ ತರಬೇತಿ ಮಧ್ಯಾಹ್ನ ಮೂರಕ್ಕೆ ಇದೆಯೆಂದೂ ರಾತ್ರಿ ಪಾಳಿಯವರಿಗೂ ಹಾಜರಿ ಕಡ್ಡಾಯವೆಂದೂ ಫಾರಂ ಪಡೆದವರು ತಿಳಿಸಿದರು. ಅಷ್ಟರಲ್ಲಿ ಇನ್‌ಚಾರ್ಜ್ ಬಂದರು. “ಬೆಳಗಿನ ಪಾಳಿಯವರೊಬ್ಬರು ಬಂದಿಲ್ಲ. ಸ್ವಲ್ಪ ಹೊತ್ತು ಇರುತ್ತೀರಾ ಸಿಸ್ಟರ್?”

ಸಿಸ್ಟರ್ ತೋಳಿನ ಹಳೆಯ ಪಟ್ಟಿಯನ್ನು ಕಿತ್ತು, ಹೊಸದೊಂದನ್ನು ಹರಿದು ಅಂಟಿಸಿಕೊಂಡರು.